ಹಾರೆ ಹಿಡಿದು ಹಿಮದ ಗುಡ್ಡಕ್ಕೆ

ಅಕ್ಕಲಕೋಟೆಯಿಂದ ರೈಲು ಸ್ಟೇಷನ್ನಿಗೆ ಏಳು ಮೈಲಿ. ಚಕ್ಕಡಿ ಆ ಏಳು ಮೈಲಿ ಮುಗಿಸುವಷ್ಟರಲ್ಲಿ ನಾನು ಹಿಮಾಲಯವನ್ನು ಎರಡು ಸಲ ಹತ್ತಿ ಇಳಿದಾಗಿತ್ತು, ಬಾಯಿಯಲ್ಲಿ. ಆಗ ನನಗೆ ಐವತ್ತೆಂಟು ವರ್ಷ. ಕಸುಬು ಬಾವಿ ತೋಡುವುದು. ಅಕ್ಕಲಕೋಟೆ ಸಂಸ್ಥಾನದಲ್ಲಿ ನಾನು ತೋಡಿದ ಬಾವಿಯ ನೀರು ಕುಡಿಯದ ಎತ್ತು ಸಿಗುವುದು ಕಷ್ಟ. ಇದು ಜಂಬ ಹೌದು, ಸುಳ್ಳಲ್ಲ.

ಸುಳ್ಳು ಬೇರೆ ಇತ್ತು. ಹರೆಯದಲ್ಲಿ ಹಿಮಾಲಯಕ್ಕೆ ಹೋಗಿ ಬಂದಿದ್ದೇನೆ, ಹಿಮವನ್ನು ಮುಷ್ಟಿಯಲ್ಲಿ ಹಿಡಿದಿದ್ದೇನೆ ಎಂದು ಮೂವತ್ತು ವರ್ಷ ಪೇಟೆಯ ಚಹಾದಂಗಡಿಯಲ್ಲಿ ಹೇಳಿಕೊಂಡು ಬಂದಿದ್ದೆ. ನಿಜವಾಗಿ ಮನಮಾಡ ದಾಟಿದವನಲ್ಲ. ಅದು ಗೊತ್ತಿದ್ದವಳು ಒಬ್ಬಳೇ, ನನ್ನ ಹೆಂಡತಿ ಗೌರವ್ವ. ಮೂವತ್ತು ವರ್ಷ ಸುಮ್ಮನಿದ್ದವಳು ಆ ಮಾಘದಲ್ಲಿ ಲೆಕ್ಕ ತೀರಿಸಿದಳು.

ಆದದ್ದು ಇಷ್ಟು. ನನ್ನ ಮಗಳು ಕಾಶವ್ವನಿಗೂ ಗೌರವ್ವನ ತಮ್ಮ ಮಲ್ಲೇಶಿಯ ಮಗ ಶರಣಪ್ಪನಿಗೂ ಮದುವೆ ಗೊತ್ತಾಗಿತ್ತು, ಶಿವರಾತ್ರಿ ಕಳೆದ ಒಂಬತ್ತನೆಯ ದಿನ. ಶರಣಪ್ಪ ನನ್ನ ಬಾವಿಗಳಲ್ಲೇ ಬಂಡೆಗೆ ಮದ್ದಿಟ್ಟು ಹಾರಿಸುವುದನ್ನು ಕಲಿತವನು. ಆ ವಿದ್ಯೆಯ ಮೇಲೆ ಪಂಜಾಬದ ಬೆಟ್ಟಗಳಲ್ಲಿ ಕಾಡಿನ ದಾರಿ ಕಡಿಯುವ ಕೆಲಸಕ್ಕೆ ಹೋಗಿದ್ದ. ಚಳಿಗಾಲಕ್ಕೆ ಉಳಿದವರೆಲ್ಲ ಕೆಳಗಿಳಿದರು, ಮದ್ದಿನ ಕೋಠಿ ಕಾಯಲು ಇವನೊಬ್ಬನನ್ನು ಬಿಟ್ಟರು. ಅವನ ಕಾಗದವನ್ನು ನಾನೇ ಓದಿ ಹೇಳಿದೆ. ಮೇಲಿನ ಗುಡ್ಡದಿಂದ ಹಿಮ ಜಾರಿ ಬಂದು ಎರಡು ಖಾಲಿ ಗುಡಾರಗಳನ್ನು ನುಂಗಿದೆ, ಇನ್ನೂ ಬೀಳುತ್ತಿದೆ, ಗುತ್ತಿಗೆದಾರರ ಕಾರಕೂನರು ಬಿಡುಗಡೆ ಚೀಟಿ ಕೊಡದೆ ಕೋಠಿ ಬಿಟ್ಟು ಬರುವಂತಿಲ್ಲ, ಮದುವೆ ಮುಂದೆ ಹಾಕಿರಿ ಎಂದು ಬರೆದಿದ್ದ.

ಗೌರವ್ವ ಮೊರ ಕೆಳಗಿಟ್ಟಳು. “ಮೂವತ್ತು ವರ್ಷ ಹಿಮಾಲಯ ನೋಡೀನಿ ಅಂತ ಊರಿಗೆಲ್ಲಾ ಹೇಳ್ಕೋತ ತಿರಗೀರಿ. ಈಗ ಖರೇನ ಹೋಗ್ರಿ. ನನ್ನ ತಮ್ಮನ ಮಗ ಆ ಗುಡ್ಡದ ಬುಡಕ ಇರೂದು ಬ್ಯಾಡ. ಕರ್ಕೊಂಡು ಬರ್ರಿ.”

“ಅಷ್ಟs ಏನು?” ಎಂದೆ. “ಬರೋವಾಗ ಗುಡ್ಡಾನೂ ತರ್ತೀನಿ.”

ಮಲ್ಲೇಶಿಯೂ ಹೊರಟ. ಅವನು ಮಾತಿಗೆ ಸುಂಕ ಕಟ್ಟುವವನ ಹಾಗೆ ಮಾತಾಡುವ ಮನುಷ್ಯ. ಇಬ್ಬರಿಗೂ ಎರಡೆರಡು ಸೋಲಾಪುರದ ಚಾದರು, ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೇಳೆ, ಉಪ್ಪಿನದೊಂದು ಗಂಟು, ಅರವತ್ತು ಮೊಳ ಸೆಣಬಿನ ಹಗ್ಗ, ನನ್ನ ಹಾರೆ. ಹಾರೆ ಏಕೆ ಎಂದು ಸ್ಟೇಷನ್ನಿನಲ್ಲಿ ನಾಲ್ವರು ಕೇಳಿದರು. ಸೈನಿಕ ಬಂದೂಕು ಬಿಟ್ಟು ಹೋಗುತ್ತಾನೆಯೇ ಎಂದು ನಾಲ್ವರಿಗೂ ಒಂದೇ ಉತ್ತರ ಕೊಟ್ಟೆ. ದೌಂಡಿನಲ್ಲಿ ಗಾಡಿ ಬದಲಿಸುವಾಗ ಟಿಕೆಟು ನೋಡುವವನು ಅದನ್ನು ಎತ್ತಿ ತೂಗಿ, ಇದೇನು ಎಂದ. ಮುದುಕನ ಊರುಗೋಲು ಎಂದೆ. “ಆಜೋಬಾ, ಊರುಗೋಲು ಹೊರೋದಕ್ಕ ಇನ್ನೊಬ್ಬ ಮುದುಕ ಬೇಕಾಗ್ತದಲ್ಲ?” ಎಂದು ಮರಾಠಿಯಲ್ಲಿ ಹೇಳಿ, ಮಲ್ಲೇಶಿಯ ಕಡೆ ನೋಡಿ ನಕ್ಕು ಬಿಟ್ಟುಕೊಟ್ಟ.

ಮೂರನೆಯ ದರ್ಜೆಯ ಟಿಕೆಟು ತಲೆಗೆ ಇಪ್ಪತ್ತು ರೂಪಾಯಿಯ ಮೇಲಾಯಿತು. ಮನಮಾಡದಲ್ಲಿ ದಿಲ್ಲಿಯ ಗಾಡಿ ಹತ್ತಿದೆವು. ಮನಮಾಡ ಹಿಂದೆ ಸರಿದಾಗ ನಾನು ರುಮಾಲು ಬಿಗಿದು ಕಟ್ಟಿಕೊಂಡೆ. ಇನ್ನು ಮುಂದಿನದೆಲ್ಲ ಹೊಸದು, ಆದರೆ ಎಲ್ಲ ನೋಡಿದವನ ಹಾಗೆ ಕೂತಿರಬೇಕು! ದಿಲ್ಲಿ ದಾಟಿದ ಮೇಲೆ ಎದುರಿಗೆ ಒಬ್ಬ ಸರದಾರ ಮುದುಕ ಕೂತ, ಗೋಧಿಯ ರೈತ. ನಿಮ್ಮ ಕಡೆ ಬಿಸಿಲು ಹೇಗೆ ಎಂದು ಕೇಳಿದ. ನಾನು ನನಗೆ ಬರುವ ದಖನಿ ಹಿಂದೂಸ್ತಾನಿ ಮಾತಿನಲ್ಲಿ, ವೈಶಾಖದಲ್ಲಿ ನಮ್ಮ ಹೆಂಗಸರು ಒಲೆ ಹಚ್ಚುವುದಿಲ್ಲ, ರೊಟ್ಟಿ ತಟ್ಟಿ ಹೊರಗೋಡೆಗೆ ಅಂಟಿಸುತ್ತಾರೆ ಎಂದೆ. ಅವನು ಗಡ್ಡ ನೀವಿಕೊಂಡು ಗಂಭೀರವಾಗಿ ಕೇಳಿದ: “ಮಗುಚಿ ಹಾಕುತ್ತಾರೋ, ಇಲ್ಲಾ ಸಂಜೆಗೆ ಪಡುವಣ ಗೋಡೆಗೆ ಅಂಟಿಸುತ್ತಾರೋ?” ಎದ್ದು ಅವನ ಕಾಲು ಮುಟ್ಟೋಣವೆನಿಸಿತು. ಅಮೃತಸರದ ತನಕ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಲು ನೋಡಿದೆವು. ಅವನು ಇಳಿಯುವಾಗ ಒಂದು ಮುಷ್ಟಿ ಬೆಲ್ಲ ಕೊಟ್ಟ. ಯಾರು ಗೆದ್ದರು ಎಂದು ನೀವು ಕೇಳಬೇಡಿ.

ಪಠಾಣಕೋಟದಲ್ಲಿ ಇಳಿದಾಗ ಬೆಳಗಿನ ಚಳಿ ಕಿವಿ ಕಚ್ಚಿತು. ಅಲ್ಲಿಂದ ಸಣ್ಣ ರೈಲು. ಆಟಿಕೆಯ ಹಾಗಿದೆ, ಆದರೆ ಕೊಬ್ಬು ಬಹಳ, ಒಂದೊಂದು ತಿರುವಿಗೂ ಕೂಗುತ್ತದೆ. ಎರಡು ತಾಸು ಕಳೆದಿರಬಹುದು, ಎಡಗಡೆ ಮೋಡದ ಮೇಲೆ ಇನ್ನೊಂದು ಮೋಡ ಕಂಡಿತು. ಅದು ಅಲುಗಲಿಲ್ಲ.

“ಮಾವ,” ಎಂದ ಮಲ್ಲೇಶಿ. ಸೋಲಾಪುರ ಬಿಟ್ಟ ಮೇಲೆ ಅದು ಅವನ ಮೂರನೆಯ ಮಾತು. “ಅದು ಗುಡ್ಡ ಏನು?”

“ಅದs. ನನ್ನ ಹಳೇ ಗುರುತು,” ಎಂದೆ. ನಮ್ಮ ಕಡೆ ಕಣ್ಣು ಹಾಯಿಸಿದರೆ ಜೋಳದ ಹೊಲದ ಕೊನೆಗೆ ಆಕಾಶ ನೆಲಕ್ಕೆ ಕೂತಿರುತ್ತದೆ. ಇಲ್ಲಿ ಆಕಾಶ ನೋಡಲು ರುಮಾಲು ಹಿಡಿದುಕೊಳ್ಳಬೇಕು. ಅಷ್ಟು ಎತ್ತರದಲ್ಲಿ ಅಷ್ಟು ಬಿಳುಪನ್ನು ಯಾರು ಒಯ್ದಿಟ್ಟರೋ! ನನ್ನ ಮೂವತ್ತು ವರ್ಷದ ಸುಳ್ಳೆಲ್ಲ ಸಾಲದೆಂದು ಗೊತ್ತಾಯಿತು. ಇನ್ನಷ್ಟು ದೊಡ್ಡದು ಹೇಳಬೇಕಿತ್ತು.

ಅವನ ಬೆರಗು ನೋಡಿ ನನಗೆ ತಡೆಯಲಾಗಲಿಲ್ಲ. ಹಿಮ ಸಮುದ್ರದಿಂದ ಬಂದದ್ದು, ಉಪ್ಪಗಿರುತ್ತದೆ, ಉಪ್ಪಿನ ಗಂಟು ಸುಮ್ಮನೆ ಹೊರಬೇಡ ಎಂದೆ. ಪುಣ್ಯಾತ್ಮ ಮುಂದಿನ ಸ್ಟೇಷನ್ನಿನಲ್ಲಿ ಉಪ್ಪನ್ನೆಲ್ಲ ಒಬ್ಬ ಕುರಿಗಾರನಿಗೆ ದಾನ ಮಾಡಿದ. ಮುಂದೆ ಐದು ದಿನ ಸಪ್ಪನೆ ಬೇಳೆ ಉಂಡವರು ಇಬ್ಬರೂ. ಅವನು ಪ್ರತಿ ಊಟಕ್ಕೂ ಒಂದು ಹಿಡಿ ಹಿಮ ತಂದು ನನ್ನ ತಾಟಿನ ಪಕ್ಕಕ್ಕಿಟ್ಟ.

ರೈಲು ಮುಗಿದಲ್ಲಿಂದ ಲಾರಿ, ಲಾರಿ ಮುಗಿದಲ್ಲಿ ಕೊನೆಯ ಪೇಟೆ. ಮಳೆಯೂ ಹಿಮವೂ ಕೂಡಿ ಬೀಳುತ್ತಿದ್ದವು. ಕಾರಕೂನ ಒಳ್ಳೆಯ ಮನುಷ್ಯ, ಮದುವೆ ಎಂದ ಕೂಡಲೇ ಬಿಡುಗಡೆ ಚೀಟಿ ಬರೆದುಕೊಟ್ಟ. ಕೋಠಿಗೆ ಬೀಗ ಹಾಕಿ ಕೀಲಿ ತಂದರೆ ಸಾಕು ಎಂದ. ಅವನೇ ಟಪಾಲು ಹೊರುವ ಬುಧರಾಮನನ್ನು ಜೊತೆ ಮಾಡಿಕೊಟ್ಟ. ಬುಧರಾಮನ ವಯಸ್ಸು ನನ್ನಷ್ಟೇ, ಕಾಲು ಮೇಕೆಯವು. ಮೊದಲ ದಿನ ಹನ್ನೊಂದು ಮೈಲಿ ನಡೆದು ಅವನ ಮನೆ ಸೇರಿದೆವು. ಅಲ್ಲಿ ಬಿರುಗಾಳಿ ನಮ್ಮನ್ನು ಹಿಡಿದು ಮೂರು ದಿನ ಕೂಡಿಹಾಕಿತು.

ಮರದ ಮನೆ, ಕೆಳಗೆ ದನ, ಮೇಲೆ ನಾವು. ಗಾಳಿ ಮನೆಯನ್ನು ಹಿಡಿದು ಅಲುಗಿಸುತ್ತಿತ್ತು. ನಡುನಡುವೆ ದೂರದಲ್ಲಿ ಎಲ್ಲೋ ಬಂಡೆ ಹಾರಿಸಿದ ಹಾಗೆ ಸದ್ದು. ಪ್ರತಿ ಸದ್ದಿಗೂ ಮಲ್ಲೇಶಿ ಬಾಗಿಲ ಕಡೆ ನೋಡುತ್ತಿದ್ದ. ಹಿಮ ಜಾರುವ ಸದ್ದು ಅದು ಎಂದು ಬುಧರಾಮ ಹೇಳಿದ. ಬೀಳುತ್ತಿರುವಾಗ ಮನೆಯಲ್ಲಿ ಕೂತರಾಯಿತು, ನಿಂತ ಮೇಲೆಯೇ ನಿಜವಾದ ಭಯ, ಏಕೆಂದರೆ ಬಿಸಿಲು ನೋಡಿ ಜನ ಹೊರಬೀಳುತ್ತಾರೆ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಹೊತ್ತು ತಂದು ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಕೆಳಗಿನ ಹಳೆಯ ಹಿಮ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ, ಹೊಸದು ಅದಕ್ಕೆ ಅಂಟುವುದಿಲ್ಲ, ಸುಮ್ಮನೆ ಕೂತಿರುತ್ತದೆ ಎಂದ.

ನಾನು ತೊಡೆ ತಟ್ಟಿದೆ. ಗರಸಿನ ಮೇಲೆ ಕೂತ ಎರೆಮಣ್ಣು! ಮಳೆಗಾಲದಲ್ಲಿ ನಮ್ಮ ಬಾವಿಯ ಗೋಡೆಗಳು ಕುಸಿಯುವುದೂ ಹೀಗೆಯೇ. ಮೇಲಿನ ಕರಿಮಣ್ಣು ನೀರು ಕುಡಿದು ಭಾರವಾಗಿ, ಕೆಳಗಿನ ಗಟ್ಟಿ ಪದರದ ಮೇಲಿಂದ ಒಂದೇ ಸಲಕ್ಕೆ ಜಾರುತ್ತದೆ. ನಲವತ್ತು ವರ್ಷ ನಾನು ಅದರ ಕೆಳಗೆ ನಿಂತು ಬದುಕಿದ್ದೇನೆ. “ಮಲ್ಲೇಶಿ, ಇವರ ಹಿಮಾಲಯ ಅಂದ್ರ ಒಂದು ದೊಡ್ಡ ಬಾವಿ ನೋಡೋ, ಬಿಳೇದು ಅಷ್ಟs,” ಎಂದೆ. ಬುಧರಾಮನಿಗೂ ಅದನ್ನೇ ತಿಳಿಸಿ ಹೇಳಿದೆ. ಅವನು ಹುಕ್ಕಾ ಎಳೆದು, “ಬಾವಿ ನಿನ್ನ ಹಿಂದೆ ಓಡಿ ಬರುತ್ತದೆಯೇ?” ಎಂದ.

ನಾಲ್ಕನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೊಳಕಾಲುದ್ದ ಹಿಮದಲ್ಲಿ ಮೂರು ಮೈಲಿ ನಡೆದು, ಒಂದು ದೇವದಾರು ಮರಗಳ ದಿನ್ನೆಗೆ ಬಂದೆವು. ಎದುರಿಗೆ ಕೊರಕಲು. ಮೇಲಿನ ಶಿಖರದಿಂದ ಕೆಳಗಿನ ಹೊಳೆಯ ತನಕ ಗುಡ್ಡವನ್ನು ಸೀಳಿದ ಹಾಗೆ ಇಳಿದಿತ್ತು, ಅದರ ತುಂಬ ಹೊಸ ಹಿಮ, ಇಸ್ತ್ರಿ ಮಾಡಿದ ಧೋತರದಷ್ಟು ನುಣುಪು. ಆಚೆ ದಡ ಇನ್ನೂರು ಹೆಜ್ಜೆ. ಅಲ್ಲಿ ಒಂದು ಕಲ್ಲಿನ ಕೋಠಿ, ಪಕ್ಕದಲ್ಲಿ ಗುಡಿಸಲು, ಗುಡಿಸಲಿನಿಂದ ಹೊಗೆ.

“ಅದಾನ,” ಎಂದ ಮಲ್ಲೇಶಿ. ಹಾಗೆಂದು ಹಿಮದಲ್ಲೇ ಕೂತುಬಿಟ್ಟ.

ಬುಧರಾಮ ಬೆರಳು ತೋರಿಸಿ ಹೇಳಿದ: ಇಂದು ದಾಟುವುದಿಲ್ಲ. ಬಿಸಿಲು ಬಿದ್ದಿದೆ. ನಾಳೆ ಬೆಳಗಿನ ಜಾವ ಹೆಪ್ಪುಗಟ್ಟಿರುತ್ತದೆ, ಆಗ ಒಬ್ಬೊಬ್ಬರಾಗಿ, ಮೆಲ್ಲಗೆ. ಅಲ್ಲಿಯವರೆಗೆ ಈ ಮರಗಳ ಕೆಳಗೆ. ಇವು ಇನ್ನೂರು ವರ್ಷದಿಂದ ನಿಂತಿವೆ, ಎಂದರೆ ಇಲ್ಲಿಗೆ ಹಿಮ ಬರುವುದಿಲ್ಲ. ಹಾಗೆ ಹೇಳಿ ಬೆಂಕಿಗೆ ಪುರಳೆ ತರಲು ದಿನ್ನೆಯ ಹಿಂದೆ ಇಳಿದ.

ನನಗೆ ಕೂತಿರಲಾಗಲಿಲ್ಲ. ಅಳಿಯ ಕಣ್ಣೆದುರಿಗಿದ್ದಾನೆ, ಅವನ ತಲೆಯ ಮೇಲೆ ಗುಡ್ಡ ತೂಗುತ್ತಿದೆ. ನಾನು ಅಕ್ಕಲಕೋಟೆಯ ಬಾವಿಗಾರ, ಹಿಮ ಗಟ್ಟಿಯೋ ಪೊಳ್ಳೋ ಎಂಬುದನ್ನು ಇನ್ನೊಬ್ಬರು ಹೇಳಬೇಕೆ! ಹಗ್ಗ ತೆಗೆದು ಸೊಂಟಕ್ಕೆ ಕಟ್ಟಿಕೊಂಡೆ, ಇನ್ನೊಂದು ತುದಿ ಮಲ್ಲೇಶಿಯ ಕೈಗೆ. ನಮ್ಮ ಕಸುಬಿನಲ್ಲಿ ಬಾವಿಗಿಳಿಯುವವನ ಹಗ್ಗ ಹಿಡಿಯುವುದು ಹೆಂಡತಿಯ ತಮ್ಮ. ಅಕ್ಕ ವಿಧವೆಯಾಗುವುದು ಯಾವ ತಮ್ಮನಿಗೂ ಬೇಡವಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಹಾರೆಯಿಂದ ಬಂಡೆಗೆ ಮೂರು ಪೆಟ್ಟು ಬಿದ್ದರೆ, ಗೋಡೆ ಬರುತ್ತಿದೆ, ಕೈಯಲ್ಲಿದ್ದದ್ದು ಬಿಟ್ಟು ಓಡು ಎಂದರ್ಥ. ಬಾಯಲ್ಲಿ ಯಾರು ಎಷ್ಟಾದರೂ ಚೇಷ್ಟೆ ಮಾಡಲಿ, ಆ ಮೂರು ಪೆಟ್ಟಿನಲ್ಲಿ ಮಾಡುವಂತಿಲ್ಲ. ನಾನೂ ಮಾಡಿದವನಲ್ಲ.

“ಮಾವ, ಅಂವಾ ಬ್ಯಾಡ ಅಂದಾನ,” ಎಂದ ಮಲ್ಲೇಶಿ.

“ದಾಟಂಗಿಲ್ಲೋ. ಬರೇ ಬಡದು ನೋಡ್ತೀನಿ.”

ಬಾವಿಯೊಳಗೆ ಕೆಲಸ ಶುರು ಮಾಡುವ ಮುಂಚೆ ನಾವು ಗೋಡೆಯನ್ನು ಹಾರೆಯ ಬುಡದಿಂದ ಬಡಿದು ಕೇಳುತ್ತೇವೆ. ಗಟ್ಟಿ ಇದ್ದರೆ ಠಣ್ ಎನ್ನುತ್ತದೆ, ಪೊಳ್ಳಿದ್ದರೆ ಹಲಗೆಯ ಹಾಗೆ ದಬ್ ಎನ್ನುತ್ತದೆ. ನಮ್ಮ ಅಪ್ಪ ಬಡಿದಿದ್ದ, ಅವನ ಅಪ್ಪ ಬಡಿದಿದ್ದ. ದಿನ್ನೆಯ ಅಂಚಿನಲ್ಲಿ ಹಿಮದಿಂದ ತಲೆ ಎತ್ತಿದ್ದ ಒಂದು ಬಂಡೆಯ ಮೇಲೆ ನಿಂತು, ಹಾರೆ ಎರಡೂ ಕೈಯಲ್ಲಿ ಎತ್ತಿ, ಕೊರಕಲಿನ ಹಿಮಕ್ಕೆ ಕುಟ್ಟಿದೆ. ಸದ್ದೇ ಇಲ್ಲ. ಹತ್ತಿಯ ಮೂಟೆಗೆ ಕುಟ್ಟಿದ ಹಾಗೆ. ಇನ್ನೊಂದು ಸಲ, ಮೈಯೆಲ್ಲ ಬಲ ಹಾಕಿ ಕುಟ್ಟಿದೆ.

ಗುಡ್ಡ “ಹೂಂ” ಎಂದಿತು.

ಅದು ಕಿವಿಯಲ್ಲಿ ಕೇಳಿದ್ದಲ್ಲ, ಅಂಗಾಲಿನಲ್ಲಿ ಕೇಳಿದ್ದು. ಹಿಮವೆಲ್ಲ ಒಂದು ಬೆರಳಿನಷ್ಟು ಕೆಳಗೆ ಕೂತಿತು. ಹಾರೆಯ ಬುಡದಿಂದ ಒಂದು ಗೆರೆ ಹೊರಟಿತು, ಹೊಲಿಗೆ ಬಿಚ್ಚಿದ ಹಾಗೆ, ಮೇಲಕ್ಕೆ, ಓರೆಯಾಗಿ. ಬಾವಿಯಲ್ಲಿ ಆ ಗೆರೆಯನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಹಗ್ಗ ನನ್ನನ್ನು ಉಳಿಸಿತ್ತು.

ತಲೆ ಎತ್ತಿ ನೋಡಿದರೆ ಆಚೆ ದಡದಿಂದ ಶರಣಪ್ಪ ಬರುತ್ತಿದ್ದಾನೆ! ನಮ್ಮ ರುಮಾಲುಗಳನ್ನು ಕಂಡು ಗುಡಿಸಲಿನಿಂದ ಓಡಿ ಬಂದು, ಕೈ ಬೀಸುತ್ತ, ಆಗಲೇ ಹತ್ತು ಹನ್ನೆರಡು ಹೆಜ್ಜೆ ಕೊರಕಲಿನೊಳಗೆ ಇಳಿದಿದ್ದ.

“ಹಿಂದಕ್ಕ ಹೋಗೋ! ಶರಣ್ಯಾ! ಹಿಮಾ ಬರಾಕತ್ತದ, ಹಿಂದಕ್ಕ ಹೋಗು!”

ಅವನು ನಿಂತ. ಬಿಳಿ ಹಲ್ಲು ಕಾಣುವಷ್ಟು ನಕ್ಕ. “ಮಾವಾ! ಈ ಸಲ ಮೋಸ ಹೋಗಂಗಿಲ್ರೀ!” ಎಂದು ಕೂಗಿ ಇನ್ನೊಂದು ಹೆಜ್ಜೆ ಮುಂದಿಟ್ಟ.

ತಪ್ಪು ಅವನದಲ್ಲ. ಅವನ ಏಳನೆಯ ವಯಸ್ಸಿನಿಂದ ನಾನು ಅವನಿಗೆ ಹಾವು ಬಂತು, ಹುಲಿ ಬಂತು, ಸಾಹೇಬ ಬಂದ ಎಂದು ಹೇಳುತ್ತ ಬಂದವನು. ಕಾಲ ಕೆಳಗಿನ ಬಂಡೆಗೆ ಹಾರೆಯಿಂದ ಬಾರಿಸಿದೆ. ಠಣ್. ಠಣ್. ಠಣ್.

ಮೂರನೆಯ ಪೆಟ್ಟು ಮುಗಿಯುವ ಮೊದಲೇ ಅವನ ಮುಖದಲ್ಲಿ ನಗು ಇರಲಿಲ್ಲ. ಮುಖವೇ ಕಾಣಲಿಲ್ಲ, ಬೆನ್ನು ಕಂಡಿತು. ಬಿದ್ದ, ಎದ್ದ, ನಾಲ್ಕು ಕಾಲಲ್ಲಿ ಹರಿದ. ಅದೇ ಗಳಿಗೆಗೆ ನನ್ನ ಸೊಂಟಕ್ಕೆ ಹಗ್ಗ ಬಿಗಿದು, ನಾನು ಹಿಂದುಮುಂದಾಗಿ ದೇವದಾರಿನ ಬುಡಕ್ಕೆ ಬಂದು ಬಿದ್ದಿದ್ದೆ. ಮೂರು ಪೆಟ್ಟು ಕೇಳಿದ ಕೂಡಲೇ ಮಲ್ಲೇಶಿ ಎಳೆದಿದ್ದ.

ಆಮೇಲೆ ಕೊರಕಲು ಇಳಿಯಿತು. ಹಿಮ ಇಳಿಯಿತು ಎಂದರೆ ಸಾಲದು, ಕೊರಕಲೇ ಎದ್ದು ಹೋದ ಹಾಗಿತ್ತು. ಮೊದಲು ಹಾಸುಗಲ್ಲಿನ ಹಾಗೆ ತುಂಡು ತುಂಡಾಗಿ, ಮರುಕ್ಷಣ ಹೊಗೆಯಾಗಿ. ಹತ್ತು ಗಿರಣಿಗಳ ಸದ್ದು. ಗಾಳಿ ನನ್ನ ರುಮಾಲು ಕಿತ್ತುಕೊಂಡು ಹೋಯಿತು, ಬಾಯಿ ಮೂಗಿಗೆಲ್ಲ ಹಿಟ್ಟು ತುಂಬಿದ ಹಾಗಾಯಿತು. ಎಷ್ಟು ಹೊತ್ತೋ. ಸದ್ದು ಕೆಳಗೆ ಹೊಳೆಯಲ್ಲಿ ಮುಗಿಯಿತು. ಬಿಳಿ ಹೊಗೆ ಮಾತ್ರ ನಿಂತಿತ್ತು. ಆಚೆ ದಡ ಕಾಣುತ್ತಿರಲಿಲ್ಲ.

ಮಲ್ಲೇಶಿಯ ಎರಡೂ ಅಂಗೈ ಹಗ್ಗದಿಂದ ಸುಲಿದಿದ್ದವು. “ಮಾವ,” ಎಂದ.

ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಗೆ ಯಾವ ಮಾತೂ ಬರಲಿಲ್ಲ. ಏನು ಹೇಳಲಿ? ಅವನ ಮಗನ ಮೇಲೆ ಗುಡ್ಡ ಕೆಡವಿದವನು ನಾನು. ಸೊಂಟದ ಹಗ್ಗದ ಗಂಟು ಬಿಚ್ಚತೊಡಗಿದೆ.

ಆಗ ಹೊಗೆಯ ಆಚೆಯಿಂದ ಕಬ್ಬಿಣ ಬಂಡೆಗೆ ತಾಗಿತು. ಒಂದು ಪೆಟ್ಟು. ಬಾವಿಯ ತಳದಿಂದ ಮೇಲಿನವರಿಗೆ “ಇದ್ದೀನಿ” ಎಂದು ಹೇಳುವ ಒಂದೇ ಪೆಟ್ಟು. ಮಲ್ಲೇಶಿ ನನ್ನ ಹೆಗಲಿಗೆ ತಲೆ ಇಟ್ಟು ಅತ್ತ. ನಾನು ನಕ್ಕೆನೋ ಅತ್ತೆನೋ, ನೋಡಲು ಅಲ್ಲಿ ಯಾರೂ ಇರಲಿಲ್ಲ.

ಬುಧರಾಮ ಪುರಳೆ ಎಸೆದು ಏದುಸಿರು ಬಿಡುತ್ತ ಬಂದ. ಅಂಚಿನಲ್ಲಿ ಉಳಿದ ಹಿಮದ ಮೇಲೆ ಹಾರೆಯ ಗುರುತು, ಗೆರೆ ಹೊರಟ ಜಾಗ ನೋಡಿದ, ನನ್ನನ್ನು ನೋಡಿದ. ಅವನ ಪಹಾಡಿ ಬೈಗುಳಗಳ ಅರ್ಥ ನನಗೆ ತಿಳಿಯಲಿಲ್ಲ, ಆದರೆ ಒಳ್ಳೆಯ ಬೈಗುಳವನ್ನು ನಾನು ಸದ್ದಿನಲ್ಲೇ ಗುರುತಿಸಬಲ್ಲೆ, ಅವು ಮೊದಲ ದರ್ಜೆಯವು. ಬೈದು ಮುಗಿಸಿ ಮೇಲೆ ನೋಡಿದ. ಕೊರಕಲು ಈಗ ಕೆರೆದ ಬಾಣಲೆಯ ಹಾಗೆ ಬರಿದಾಗಿತ್ತು, ಹಳೆಯ ಗಟ್ಟಿ ಹಿಮ ಕಾಣುತ್ತಿತ್ತು. ಎಡಗಡೆಯ ಹೆಗಲಿನ ಮೇಲೆ ಮಾತ್ರ ಇನ್ನೊಂದಷ್ಟು ತೂಗುತ್ತಿತ್ತು. “ಅದು ಬರುವ ಮುಂಚೆ ಅವನು ಬರಲಿ. ಈಗಲೇ. ಸಾಮಾನು ಬೇಡ,” ಎಂದ.

ಶರಣಪ್ಪ ಕೋಠಿಗೆ ಬೀಗ ಹಾಕಿ, ಕೀಲಿ ಕೊರಳಿಗೆ ಕಟ್ಟಿಕೊಂಡು ದಾಟಿದ. ಬುಧರಾಮ ಹಗ್ಗದ ತುದಿ ಹಿಡಿದು ಅದು ಮುಟ್ಟುವಷ್ಟು ದೂರ ಎದುರು ಹೋಗಿ, ಕೊಡಲಿಯಿಂದ ಗಟ್ಟಿ ಹಿಮದಲ್ಲಿ ಮೆಟ್ಟಿಲು ಕಡಿದುಕೊಟ್ಟ. ಈಚೆ ದಡಕ್ಕೆ ಕಾಲಿಟ್ಟವನೇ ಶರಣಪ್ಪ ಅಪ್ಪನ ಕಾಲು ಮುಟ್ಟಿ, ನನ್ನ ಕಾಲಿಗೆ ಬಗ್ಗಿದ. ನಾನು ಹಿಂದೆ ಸರಿದೆ.

“ಬಾಯಿ ಮಾತಿಗೆ ನಿಂತಿದ್ದೆ ನೋಡ್ರಿ ಮಾವ, ಹಾರೆ ಮಾತಿಗೆ ಓಡಿದೆ,” ಎಂದ.

“ಹಿಮಾ ಕೆಡವಿದಾಂವ ನಾನs ಅಪ್ಪಾ. ಬಡದು ನೋಡಿದೆ.”

ಅವನು ಕೊರಕಲನ್ನು ನೋಡಿದ, ಹಾರೆಯನ್ನು ನೋಡಿದ. “ಬಂದ ಮೊದಲನೇ ವಾರ ನಾನೂ ಬಡದಿದ್ದೆ ಮಾವ,” ಎಂದು ಮೆಲ್ಲಗೆ ಹೇಳಿದ. “ಆವಾಗ ಅದು ಗಟ್ಟಿ ಇತ್ತು, ಅಷ್ಟs.”

ಇಳಿದು ಹೋಗುವಾಗ ನಮ್ಮ ಹಿಂದೆ ಇನ್ನೊಂದು ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

ಹಿಂದಿರುಗುವ ದಾರಿಯ ಬಗ್ಗೆ ಬರೆಯುವಂಥದ್ದಿಲ್ಲ. ಪೇಟೆಯಲ್ಲಿ ಕೀಲಿ ಕೊಟ್ಟು, ಊರಿಗೆ ತಂತಿ ಕಳಿಸಿ, ಉಪ್ಪು ಕೊಂಡು, ಹೊಟ್ಟೆ ತುಂಬ ಬೇಳೆ ಉಂಡೆವು. ಸಣ್ಣ ರೈಲು, ದಿಲ್ಲಿ, ಮನಮಾಡ, ದೌಂಡ್. ಸೋಲಾಪುರದ ಗಿರಣಿಯ ಭೋಂಗಾ ಕೂಗುವುದು ಕೇಳಿದಾಗ ಮೂವರಿಗೂ ಮೈ ಬೆಚ್ಚಗಾಯಿತು. ಶಿವರಾತ್ರಿಗೆ ಇನ್ನೂ ಎರಡು ದಿನವಿತ್ತು.

ಸ್ಟೇಷನ್ನಿಗೆ ಗೌರವ್ವ ಎರಡು ಚಕ್ಕಡಿ ತಂದಿದ್ದಳು, ಜೊತೆಗೆ ಪೇಟೆಯ ಹತ್ತು ಜನ. ಅಲ್ಲಿ ಒಂದು ವಿಚಿತ್ರ ನಡೆಯಿತು: ಮಲ್ಲೇಶಿ ಮಾತಾಡಿದ. ಹಿಮ, ಗೆರೆ, ಮೂರು ಪೆಟ್ಟು, ಹೊಗೆ, ಎಲ್ಲ ಹೇಳಿದ. “ಮಾವ ಇರಲಿಲ್ಲಂದ್ರ ನನ್ನ ಮಗ ಇರತಿದ್ದಿಲ್ಲ,” ಎಂದ. ಒಂದು ಸುಳ್ಳೂ ಹೇಳಲಿಲ್ಲ. ಹಾರೆ ಹಿಮಕ್ಕೆ ತಾಗಿದ್ದೊಂದನ್ನು ಮಾತ್ರ ನುಂಗಿದ. ಜನ ನನ್ನ ಬೆನ್ನು ತಟ್ಟಿದರು. ನಾನು ಎತ್ತುಗಳ ಕೊರಳ ಹಗ್ಗ ಸರಿಮಾಡುತ್ತ ನಿಂತೆ.

ಚಕ್ಕಡಿ ಎರಡು ಮೈಲಿ ಹೋದ ಮೇಲೆ ಗೌರವ್ವ ಕೇಳಿದಳು. “ಇಷ್ಟು ಜನ ಹೊಗಳಿದ್ರೂ ನೀವು ಒಂದs ಮಾತು ಕೂಡಿಸಲಿಲ್ಲ. ಏನು ಮಾಡಿ ಬಂದೀರಿ?”

ಹೇಳಿದೆ. ಎರಡನೆಯ ಪೆಟ್ಟನ್ನು ಮೊದಲನೆಯದಕ್ಕಿಂತ ಜೋರಾಗಿ ಹೊಡೆದದ್ದನ್ನೂ ಹೇಳಿದೆ. ಮುಂದಿನ ಗಾಡಿಯಲ್ಲಿ ಶರಣಪ್ಪ ಯಾರಿಗೋ ಏನೋ ಹೇಳಿ ನಗುತ್ತಿದ್ದ. ಅವಳು ಅವನ ಬೆನ್ನನ್ನೇ ನೋಡುತ್ತ ಒಂದು ಮೈಲಿ ಕೂತಳು. ಆಮೇಲೆ ಸೆರಗಿನಿಂದ ನನ್ನ ಮುಖದ ಧೂಳು ಒರೆಸಿದಳು, ಸ್ವಲ್ಪ ಬಿರುಸಾಗಿಯೇ. “ಕಾಶವ್ವಗ ನಾನs ಹೇಳ್ತೀನಿ,” ಎಂದಳು. “ನೀವು ಹೇಳಿದ್ರ ಅದು ನಂಬಂಗಿಲ್ಲ.”

ಮದುವೆ ಗೊತ್ತಾದ ದಿನವೇ ಆಯಿತು. ಊಟದ ಪಂಕ್ತಿಯಲ್ಲಿ ಪೇಟೆಯವರೆಲ್ಲ ನನ್ನ ಸುತ್ತ ಕೂತರು. “ಹಂ, ಹೇಳ್ರಿ ಈಗ, ಹಿಮಾಲಯದ್ದು!”

“ಮಲ್ಲೇಶಿ ಹೇಳ್ಯಾನಲ್ಲ,” ಎಂದೆ. “ಇನ್ನೇನದ.”

ಪಂಕ್ತಿಯೆಲ್ಲ ಗೊಳ್ಳೆಂದಿತು. ಈ ಮುದುಕ ಇಷ್ಟು ಸಣ್ಣ ಮಾತಾಡಬೇಕಾದರೆ ಕೆಳಗೆ ಏನೋ ದೊಡ್ಡ ಚೇಷ್ಟೆ ಹೂತಿಟ್ಟಿದ್ದಾನೆ ಎಂದು ಒಬ್ಬರನ್ನೊಬ್ಬರು ತಿವಿದರು. ಹೋಳಿಗೆ ಬಂತು, ತುಪ್ಪ ಬಂತು, ಅನ್ನ ಬಂತು, ಮಜ್ಜಿಗೆಯೂ ಬಂತು, ಅವರು ಕಾದೇ ಕಾದರು. ಮದುಮಗಳು ಹಸೆಯ ಮೇಲಿಂದ ಒಂದು ಸಲ ನನ್ನನ್ನು ನೋಡಿದಳು, ಎಲ್ಲ ತಿಳಿದವಳ ನೋಟ. ನಾನು ನಾಲ್ಕನೆಯ ಹೋಳಿಗೆ ಹಾಕಿಸಿಕೊಂಡು ಬಾಯಿ ತುಂಬಿಕೊಂಡೆ.